ನೆಲಮೊಗ್ಗಿನ ಕುಲ

ಕುಲಗನ್ನಡಿ ಬಂದ ಮೇಲೆ ಗಿಡಮರಗಳ ಜಾತಕ ಎಲ್ಲರ ಅಂಗೈಗೆ ಬಂತು. ಸೋಪಿನ ಪೆಟ್ಟಿಗೆಯಷ್ಟಿದ್ದ ಯಂತ್ರ. ಎಲೆಯ ಚೂರೊಂದನ್ನು ಅದರ ಎರಡು ಗಾಜುಗಳ ನಡುವೆ ಇಟ್ಟು ಮುಚ್ಚಿದರೆ, ಒಂದು ಕಪ್ ಚಹಾ ಕುಡಿದು ಮುಗಿಸುವುದರೊಳಗೆ ಅದು ಯಾವ ಕುಲದ ಗಿಡವೆಂದು ಹೇಳಿಬಿಡುತ್ತಿತ್ತು. ಧಾರವಾಡದ ಸಂತೆಯಲ್ಲಿ ಪಲ್ಯ ಮಾರುವವರು ಮೆಂತ್ಯದ ಸಿವುಡಿನ ಪಕ್ಕ ಅದನ್ನಿಟ್ಟುಕೊಂಡು ಕೂತರು. ನಾಟಿ ಔಷಧಿಯ ಅಂಗಡಿಗಳಲ್ಲಿ ‘ಕನ್ನಡಿ ತೋರಿಸಿ ಕೊಡಲಾಗುವುದು’ ಎಂಬ ಬೋರ್ಡು ಬಿತ್ತು. ಬೇಲಿ ಜಗಳದಲ್ಲಿ ಕೋರ್ಟು ಅದರ ಮಾತನ್ನು ಸಾಕ್ಷಿಯೆಂದು ಬರೆದುಕೊಂಡಿತು. ಮನುಷ್ಯರ ಕುಲ ಕೇಳುವುದು ತಪ್ಪು ಎಂದು ಪಾಠ ಹೇಳುವ ಮಾಸ್ತರರೇ ಶಾಲೆಯ ತೋಟಕ್ಕೆ ಮಕ್ಕಳನ್ನು ಕರೆದೊಯ್ದು ಗಿಡಗಳ ಕುಲ ಕೇಳಿಸಿ ಚಪ್ಪಾಳೆ ತಟ್ಟಿಸಿದರು. ಯಾರ ಗಂಟೂ ಹೋಗುವಂತಿರಲಿಲ್ಲವಲ್ಲ, ಯಾರೂ ತಕರಾರು ತೆಗೆಯಲಿಲ್ಲ.

ಹೋದದ್ದು ನೆಲಮೊಗ್ಗಿನ ಗಂಟು.

ಜೋಯಿಡಾ ಕಡೆಯ ಕುಂಬೇರಿ ಗುಡ್ಡದಲ್ಲಿ ಕಾಡುದ್ರಾಕ್ಷಿಯ ದಪ್ಪ ಬಳ್ಳಿಗಳಿವೆ. ಮಾಘದ ಚಳಿಯಲ್ಲಿ ಆ ಬಳ್ಳಿಯ ಬೇರು ಸೀಳಿಕೊಂಡು, ಒಣಗಿದ ಎಲೆಗಳನ್ನು ಸರಿಸಿಕೊಂಡು, ಇಟ್ಟಿಗೆ ಬಣ್ಣದ ಮೊಗ್ಗೊಂದು ನೆಲದಿಂದ ಏಳುತ್ತದೆ. ಮುಷ್ಟಿಯಷ್ಟು ಗಾತ್ರ, ಮೈಮೇಲೆ ಬಿಳಿ ಚುಕ್ಕೆ. ಅರಳಿದರೆ ಸತ್ತ ಇಲಿಯ ನಾತ. ನೊಣಗಳಿಗೆ ಅದೇ ಹಬ್ಬ. ಎಲೆಯಿಲ್ಲ, ಕಾಂಡವಿಲ್ಲ, ಸ್ವಂತ ಬೇರಿಲ್ಲ. ವರ್ಷದ ಉಳಿದ ದಿನಗಳಲ್ಲಿ ಅದು ಬಳ್ಳಿಯ ಮೈಯೊಳಗೆ ನೂಲಿನೆಳೆಯಾಗಿ ಹರಡಿಕೊಂಡು, ಬಳ್ಳಿ ಮಾಡಿದ್ದನ್ನೇ ಉಂಡುಕೊಂಡು ಇರುತ್ತದೆ. ಇಂಥ ಹೂವು ಮತ್ತೆಲ್ಲೂ ಇಲ್ಲ. ಡಾಕ್ಟರ್ ವಿಶಾಲಾಕ್ಷಿ ದೇಸೂರ ಎಂಬ ಸಸ್ಯಶಾಸ್ತ್ರಜ್ಞೆ ತನ್ನ ಅರ್ಧ ಆಯುಷ್ಯವನ್ನು ಇದರ ಬೆನ್ನು ಹತ್ತಿ ಕಳೆದಿದ್ದಳು. ಇದು ಗೊತ್ತಿರುವ ಯಾವ ಕುಲಕ್ಕೂ ಸೇರುವುದಿಲ್ಲ, ಇದಕ್ಕೆ ಹೊಸದೊಂದು ಕುಲವನ್ನೇ ಕಟ್ಟಬೇಕು ಎಂಬುದು ಅವಳ ವಾದವಾಗಿತ್ತು.

ಕುಲಗನ್ನಡಿ ಬೇರೆಯೇ ಹೇಳಿತು. ಒಬ್ಬ ಅಧಿಕಾರಿ ಹೂವಿನ ಚೂರನ್ನು ಗಾಜಿನ ನಡುವೆ ಇಟ್ಟ. ಚಹಾ ಮುಗಿಯಿತು. ಪರದೆಯ ಮೇಲೆ ಮೂಡಿತು: ‘ಕುಲ: ದ್ರಾಕ್ಷಿ. ಸ್ಥಿತಿ: ರೋಗದ ಗಂಟು.’

ಕಾಡುದ್ರಾಕ್ಷಿಯ ಬಳ್ಳಿ ಸಂರಕ್ಷಿತ ಸಸ್ಯಗಳಲ್ಲಿ ಒಂದು. ಸಂರಕ್ಷಿತ ಸಸ್ಯಕ್ಕೆ ರೋಗ ಬಂದರೆ ಔಷಧಿ ಹೊಡೆಯಲೇಬೇಕೆಂದು ಕಾನೂನಿದೆ. ಹೀಗಾಗಿ ಬರುವ ಮಾಘದಲ್ಲಿ ಮೊಗ್ಗು ತಲೆಯೆತ್ತುತ್ತಲೇ ಡ್ರೋನುಗಳಿಂದ ಇಡೀ ಗುಡ್ಡಕ್ಕೆ ವಿಷ ಸಿಂಪಡಿಸಬೇಕೆಂದು ಆಜ್ಞೆಯಾಯಿತು. ವಿಷ ಬಳ್ಳಿಯೊಳಗಿಳಿದು ಅಲ್ಲಿರುವ ಎಳೆಗಳನ್ನು ಸುಡುತ್ತದೆ, ಬಳ್ಳಿಗೆ ಏನೂ ಆಗುವುದಿಲ್ಲ. ಅಷ್ಟು ಅಚ್ಚುಕಟ್ಟಾದ ಕೊಲೆ.

ವಿಶಾಲಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಬೆಂಗಳೂರಿನ ಕುಲನಿರ್ಣಯ ಮಂಡಳಿಗೆ ಫೋನು ಮಾಡಿದಳು. ಮಂಡಳಿಯ ಅಧ್ಯಕ್ಷ ಡಾಕ್ಟರ್ ಚಿದಂಬರಯ್ಯ ಆ ಯಂತ್ರವನ್ನು ರೂಪಿಸಿದ ಮಹಾಶಯ.

“ಹೂವು ಅಂತೀರಲ್ಲ ಮೇಡಂ, ಎಲೆ ಇದ್ಯಾ?” ಎಂದರು ಅವರು.

“ಇಲ್ರಿ ಸರ್.”

“ಬೇರು?”

“ಅದೂ ಇಲ್ರಿ. ಕೇಸರ ಐತಿ, ಅಂಡಾಶಯ ಐತಿ, ಬೀಜ ಐತಿ. ಬೀಜ ನನ್ನ ಅಂಗೈಯಾಗ ಅದಾವ್ರಿ ಈಗ! ರೋಗದ ಗಂಟು ಬೀಜ ಬಿಡ್ತೈತೇನ್ರಿ?”

“ನೋಡಿ, ಕಣ್ಣಿಗೆ ಕಂಡಿದ್ದಕ್ಕೆಲ್ಲ ಕುಲ ಕೊಡ್ತಿದ್ದ ಕಾಲ ಹೋಯ್ತು. ಈಗ ವಂಶವಾಹಿಯ ಸಾಕ್ಷಿ ಬೇಕು. ಸ್ವಂತದ್ದು ಅಂತ ಏನಾದ್ರೂ ತೋರಿಸಿ, ಕುಲ ಕೊಡೋಣ. ತನ್ನದು ಅಂತ ಏನೂ ಇಲ್ಲದ್ದಕ್ಕೆ ಎಲ್ಲಿಂದ ಕೊಡ್ಲಿ?”

ಫೋನು ಇಟ್ಟ ಮೇಲೂ ಆ ಕೊನೆಯ ಮಾತು ಕಿವಿಯಲ್ಲಿ ಉಳಿಯಿತು. ಕೊಡುವುದಕ್ಕೆ ಇವನಾರು? ಕೋಟಿ ವರ್ಷಗಳಿಂದ ಬದುಕಿಕೊಂಡು ಬಂದ ಜೀವ ಇವನ ಮೇಜಿನ ಮುಂದೆ ಕೈಕಟ್ಟಿ ನಿಂತು ಗುರುತು ಹೇಳಿಕೊಳ್ಳಬೇಕೇ?

ಸಂಜೆ ಮನೆಗೆ ಬಂದವಳೇ ಪುಸ್ತಕದ ಚೀಲವನ್ನು ಕುರ್ಚಿಯ ಮೇಲೆ ಒಗೆದಳು. ಮನೆಯಲ್ಲಿದ್ದವರು ಇಬ್ಬರು. ಗಂಡ ಬಸವಂತ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಎಂಜಿನಿಯರು. ಇನ್ನೊಬ್ಬಳು ನೀಲವ್ವ, ವಿಶಾಲಾಕ್ಷಿಯ ತಾಯಿಯ ತಂಗಿ. ಚಡಚಣದ ಕಡೆಗೆ ಮದುವೆಯಾಗಿ ಹೋಗಿ, ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ವಿಶಾಲಾಕ್ಷಿ ಬಾಣಂತನ ಮುಗಿಸಿ ಪಿಎಚ್‌ಡಿಗೆ ಕೂತಾಗ ‘ಕೂಸು ನೋಡ್ಕೊಳ್ಳಾಕ ನಾಲ್ಕು ದಿನ’ ಎಂದು ಧಾರವಾಡಕ್ಕೆ ಬಂದಳು. ಆ ಕೂಸು ಈಗ ಪುಣೆಯಲ್ಲಿ ವಕೀಲಿಕೆ ಮಾಡುತ್ತಿದೆ, ನೀಲವ್ವನ ನಾಲ್ಕು ದಿನ ಮುಗಿದಿಲ್ಲ.

ಊಟಕ್ಕೆ ಕೂತಾಗ ವಿಶಾಲಾಕ್ಷಿ ನಡೆದದ್ದನ್ನೆಲ್ಲ ಹೇಳಿಕೊಂಡಳು. ಬಸವಂತ ಬಿಸಿ ರೊಟ್ಟಿ ಮುರಿಯುತ್ತ ನಕ್ಕ.

“ತಪ್ಪೇನೈತಿ? ದುಡಿಯೂದಿಲ್ಲ, ದುಃಖ ಬಡೂದಿಲ್ಲ. ಕೂತು ಉಣ್ಣೋ ಹೂವು ಅಂದಂಗಾತು. ಮನೀಗೊಂದು ಇಂಥಾದ್ದು ಇರ್ತೈತಿ ಬಿಡು.”

ರೊಟ್ಟಿ ಬಡಿಯುತ್ತಿದ್ದ ನೀಲವ್ವನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಸಪ್ಪಳ ಶುರುವಾಯಿತು.

“ತನ್ನ ಕಾಲ ಮ್ಯಾಲ ನಿಂತಿಲ್ಲಂತ ಕೊಲ್ತಾರೇನ್ ತಂಗಿ?” ಎಂದು ಕೇಳಿದಳು ಅವಳು, ತಲೆಯೆತ್ತದೆ.

“ಕೊಲ್ತಾರ ಚಿಗವ್ವ. ಕಾಗದಾನೂ ಬಂದೈತಿ.”

“ಹಾಳಾಗಿ ಹೋಗ್ಲಿ ಅವರು,” ಎಂದಳು ನೀಲವ್ವ. ವಿಶಾಲಾಕ್ಷಿಗೆ ಆ ಬೈಗುಳ ಹಿತವಾಯಿತು. ಮನೆಯಲ್ಲಿ ಒಬ್ಬಳಾದರೂ ನನ್ನ ಪಕ್ಷದಲ್ಲಿದ್ದಾಳೆ ಎಂದುಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ಪ್ರಯೋಗಾಲಯದಲ್ಲಿ ಅವಳ ಜೊತೆಗಿದ್ದವನು ಇಮ್ತಿಯಾಜ್ ಕಿತ್ತೂರ. ವಂಶವಾಹಿಗಳ ಲಿಪಿಯನ್ನು ಕಂಪ್ಯೂಟರಿನಲ್ಲಿ ಓದುವುದು ಅವನ ಕೆಲಸ. ಯಂತ್ರ ಎಲ್ಲಿ ಎಡವಿದೆ ಎಂಬುದು ಇಬ್ಬರಿಗೂ ಬೇಗ ತಿಳಿಯಿತು. ಕುಲಗನ್ನಡಿ ಮೊದಲು ಹುಡುಕುವುದು ಪತ್ರಹರಿತ್ತಿನ ಕಣಗಳನ್ನು. ಪ್ರತಿ ಹಸಿರು ಗಿಡದಲ್ಲಿಯೂ ಅವು ರಾಶಿ ರಾಶಿ ಇರುತ್ತವೆ. ಆ ಕಣಗಳಿಗೆ ಅವುಗಳದೇ ಪುಟ್ಟ ವಂಶಲಿಪಿಯಿದೆ, ಅದನ್ನು ಓದಿದರೆ ಕುಲ ಗೊತ್ತಾಗುತ್ತದೆ. ಬಿಸಿಲಿಗೆ ಮುಖವನ್ನೇ ತೋರಿಸದ ನೆಲಮೊಗ್ಗು ಆ ಲಿಪಿಯನ್ನು ಎಂದೋ ಕಳೆದುಕೊಂಡಿತ್ತು. ಅದು ಸಿಗದಿದ್ದಾಗ ಯಂತ್ರ ಉಳಿದ ವಂಶವಾಹಿಗಳನ್ನು ತಡಕುತ್ತದೆ. ಅಲ್ಲಿ ಅದಕ್ಕೆ ಪರಿಚಯವಿದ್ದದ್ದು ಬಹುಪಾಲು ದ್ರಾಕ್ಷಿಯದು. ಒಳಗೆ ಬಳ್ಳಿ ಬೇರೆ, ಹೂವು ಬೇರೆ ಎಂದು ಬಿಡಿಸಲಾಗದಂತೆ ಹೆಣೆದುಕೊಂಡಿವೆ. ಸಾಲದ್ದಕ್ಕೆ, ಇಂಥ ಪರೋಪಜೀವಿಗಳು ಅನ್ನ ಕೊಟ್ಟ ಗಿಡದ ವಂಶವಾಹಿಗಳನ್ನೂ ಅಷ್ಟಿಷ್ಟು ಎತ್ತಿಕೊಂಡು ತಮ್ಮ ಮೈಯಲ್ಲಿ ಸೇರಿಸಿಕೊಂಡುಬಿಡುತ್ತವೆ. ಹೀಗೆ ಬಹುಮತ ದ್ರಾಕ್ಷಿಗೆ ಬಂತು. ಉಳಿದದ್ದನ್ನೆಲ್ಲ ಯಂತ್ರ ‘ಕಲಬೆರಕೆ’ ಎಂದು ಕರೆದು ತೊಳೆದು ಚೆಲ್ಲಿತು.

“ಆ ಉಳಿದದ್ದರಾಗ ಹೂವಿನ ಸ್ವಂತದ್ದು ಇರ್ಬೇಕಲ್ಲೋ?” ಎಂದಳು ವಿಶಾಲಾಕ್ಷಿ.

“ಅದಾವ್ರಿ ಮೇಡಂ. ಬೇಕಾದಷ್ಟು ಅದಾವ. ಆದ್ರ ಅದರ ಜೋಡಿ ಹೋಲಿಸಾಕ ಜಗತ್ತಿನ್ಯಾಗ ಇನ್ನೊಂದು ಗಿಡ ಇಲ್ಲಲ್ರಿ. ಗುರುತಿಲ್ಲದ್ದು ಅಂದ್ರ ಮಂಡಳಿಯವರು ಬೂಷ್ಟು ಅಂತಾರ, ಧೂಳು ಅಂತಾರ. ಹೋದ ಸಲ ನಾವು ಬರದು ಕಳಿಸಿದಾಗ ಹಂಗ ಅಂದ್ರು.”

“ಅಂದ್ರ ನೆಂಟರಿಲ್ಲದಾಕಿ ಮನುಷ್ಯಳೇ ಅಲ್ಲ?”

“ಅವರ ಲೆಕ್ಕದಾಗ ಹಂಗ್ರಿ,” ಎಂದು ಇಮ್ತಿಯಾಜ್ ಕನ್ನಡಕ ಒರೆಸಿಕೊಂಡ.

ವಾರಗಳು ಸರಿದವು. ಓದಿದ್ದನ್ನೇ ಓದಿದರು. ವಿಶಾಲಾಕ್ಷಿ ಹಾಕಿದ್ದ ತಕರಾರಿನ ವಿಚಾರಣೆಗೆಂದು ಮಂಡಳಿ ಕೊಟ್ಟ ದಿನ ಹತ್ತಿರವಾಯಿತು. ಗುಡ್ಡದ ಬುಡದಲ್ಲಿ ಡ್ರೋನುಗಳಿಗೆ ಶೆಡ್ಡು ಎದ್ದಿತು. ವಿಶಾಲಾಕ್ಷಿ ಕಂಡಕಂಡವರ ಮೇಲೆ ಹರಿಹಾಯತೊಡಗಿದಳು. ಸಂತೆಯಲ್ಲಿ ಪುಂಡಿಪಲ್ಯದ ಕುಲ ತೋರಿಸಲು ಬಂದ ಹೆಂಗಸಿಗೆ “ನಾ ಪಲ್ಯ ಉಣ್ಣಾಕ ಬಂದೀನಿ, ಬೀಗತನ ಮಾಡಾಕಲ್ಲ” ಎಂದು ಗದರಿ, ಆಮೇಲೆ ತಾನೇ ನಾಚಿಕೊಂಡು ಎರಡು ಸಿವುಡು ಜಾಸ್ತಿ ತಂದಳು.

ಎಳ್ಳ ಅಮಾವಾಸ್ಯೆಯ ದಿನ ಹಿತ್ತಲಿಗೆ ಹೋದವಳು ಅಲ್ಲಿಯೇ ನಿಂತಳು. ನೀಲವ್ವ ಕರಿಬೇವಿನ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಎಲ್ಲದರಿಂದಲೂ ಒಂದೊಂದು ಚೂರು ಕಲಸಿ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಿದ್ದಳು. ಅದು ಚರಗ. ಭೂಮಿತಾಯಿಗೆ ಉಣಿಸುವುದು. ಧಾರವಾಡದ ಕಡೆ ಚರಗ ಚೆಲ್ಲುವುದು ಶೀಗಿ ಹುಣ್ಣಿಮೆಗೆ, ಅದೂ ಹೊಲದಲ್ಲಿ. ಎಳ್ಳ ಅಮಾವಾಸ್ಯೆಯ ಚರಗ ವಿಜಯಪುರದ ಆಚೆಯ, ಚಡಚಣದ ಕಡೆಯದು. ಈ ಮನೆಗೆ ಹೊಲವೇ ಇಲ್ಲ. ವಿಶಾಲಾಕ್ಷಿಯ ತಾಯಿಯ ತವರಿನಲ್ಲಿಯೂ ಈ ಪದ್ಧತಿಯಿಲ್ಲ. ಪ್ರತಿ ವರ್ಷ ನೋಡಿದ್ದರೂ ಅವಳು ಇದು ಎಲ್ಲಿಂದ ಬಂತೆಂದು ಯೋಚಿಸಿರಲಿಲ್ಲ.

“ಚಿಗವ್ವ, ಇದು ನಿನ್ನ ಗಂಡನ ಮನಿದೇನ?”

“ಮತ್ತ? ನಮ್ಮ ಅತ್ತಿ ಕಲಿಸಿದ್ದು. ಆ ಮನಿ ಬಿದ್ದುಹೋಗೈತಂತ, ಇದೊಂದು ನನ್ನ ಕೂಡ ಉಳದೈತಿ,” ಎಂದು ಸೆರಗಿಗೆ ಕೈ ಒರೆಸಿಕೊಂಡಳು ನೀಲವ್ವ.

ನೀಲವ್ವನ ಮಾತು ಈಗ ಧಾರವಾಡದ್ದು, ಅಡುಗೆ ಧಾರವಾಡದ್ದು, ಜಗಳ ಕೂಡ ಧಾರವಾಡದ್ದು. ಹೊರಗಿನವರು ನೋಡಿದರೆ ಈ ಮನೆಯಲ್ಲಿಯೇ ಹುಟ್ಟಿದವಳೆನ್ನಬೇಕು. ಆದರೆ ಈ ಒಂದು ಚರಗ ತವರಿನದಲ್ಲ, ಈ ಮನೆಯದೂ ಅಲ್ಲ. ನಡುವೆ ಉಂಡ ಇನ್ನೊಂದು ಮನೆಯದು. ವಿಶಾಲಾಕ್ಷಿ ಚಪ್ಪಲಿ ಮೆಟ್ಟಿಕೊಂಡು, ಉಟ್ಟ ಸೀರೆಯಲ್ಲೇ ಪ್ರಯೋಗಾಲಯಕ್ಕೆ ಓಡಿದಳು. ಸಜ್ಜಿ ರೊಟ್ಟಿ ಹಾಕಿಟ್ಟ ತಾಟು ಹಾಗೆಯೇ ಉಳಿಯಿತು.

“ಇಮ್ತಿಯಾಜ್, ಸ್ವಂತದ್ದು ಹುಡುಕೂದು ಬಿಡು. ದ್ರಾಕ್ಷಿದೂ ಬ್ಯಾಡ. ತೊಳದು ಚೆಲ್ಲಿದ್ದರಾಗ ಬ್ಯಾರೆ ಯಾವುದಾರ ಗಿಡದ ವಂಶವಾಹಿ ಐತೇನು ನೋಡು.”

“ಅದು ಖರೇನ ಕಲಬೆರಕಿರಿ ಮೇಡಂ. ಅಲ್ಲೊಂದೀಟು ಅಮೃತಬಳ್ಳಿ ಇತ್ತು. ಯಾರದೋ ಕೈಗಿ ಹತ್ತಿದ್ದು ಇರಬೇಕಂತ ನಾನೂ ಬಿಟ್ಟಿದ್ದೆ.”

“ತಗಿ ಅದನ್ನ.”

ಅವನು ತೆಗೆದ. ಗುಡ್ಡದ ನಾಲ್ಕೂ ಮಗ್ಗುಲಿನಿಂದ ತಂದ ಎಲ್ಲ ಹೂಗಳಲ್ಲಿಯೂ ಆ ಚೂರುಗಳಿದ್ದವು. ಇಂದಿನ ಅಮೃತಬಳ್ಳಿಯ ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆಯಿತ್ತು, ಆದರೆ ಲಿಪಿಯ ಅಕ್ಷರಗಳು ನೂರಾರು ಕಡೆ ಬದಲಾಗಿದ್ದವು. ಅಷ್ಟು ಬದಲಾಗಬೇಕಾದರೆ ಕೋಟಿಗಟ್ಟಲೆ ವರ್ಷ ಬೇಕು. ನೆಲಮೊಗ್ಗು ದ್ರಾಕ್ಷಿಬಳ್ಳಿಗೆ ಬರುವ ಮೊದಲು ಅಮೃತಬಳ್ಳಿಯ ಯಾವುದೋ ಪೂರ್ವಜರ ಮನೆಯಲ್ಲಿ ಉಂಡಿತ್ತು. ಆ ಮನೆ ಅಳಿದುಹೋಗಿದೆ. ಹೂವು ಮಾತ್ರ ಅಲ್ಲಿಯದೊಂದನ್ನು ಹಿಡಿದುಕೊಂಡು ಬಂದಿದೆ. ಇಮ್ತಿಯಾಜ್ ಕುರ್ಚಿಗೆ ಒರಗಿ “ಯಾ ಅಲ್ಲಾ” ಎಂದ. ವಿಶಾಲಾಕ್ಷಿಗೆ ಕಣ್ಣು ತುಂಬಿ ಬಂದವು, ಅದು ಸಂತೋಷಕ್ಕೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ.

ಬೆಂಗಳೂರಿನ ವಿಚಾರಣೆಯ ಕೋಣೆ ತಣ್ಣಗಿತ್ತು. ಉದ್ದನೆಯ ಮೇಜಿನ ಆಚೆ ಚಿದಂಬರಯ್ಯ, ಅವರ ಆಚೀಚೆ ತಲೆಯಾಡಿಸುವ ಸದಸ್ಯರು.

“ಅಮೃತಬಳ್ಳಿಯೇ?” ಎಂದು ಚಿದಂಬರಯ್ಯ ನಕ್ಕರು. “ನಿಮ್ಮ ಲ್ಯಾಬಲ್ಲಿ ಯಾರೋ ಕಷಾಯ ಕುಡಿದು ಕೈ ತೊಳ್ಕೊಂಡಿಲ್ಲ ಅನ್ಸುತ್ತೆ.”

ಸದಸ್ಯರೂ ನಕ್ಕರು. ವಿಶಾಲಾಕ್ಷಿ ನಗು ನಿಲ್ಲುವವರೆಗೆ ಕಾದಳು.

“ಕಷಾಯದ ಬಳ್ಳಿ ಈ ವರ್ಷದ್ದ್ರಿ ಸರ್. ಇದು ಕೋಟಿ ವರ್ಷದ ಹಿಂದಿಂದು. ಅಕ್ಷರ ನೋಡ್ರಿ, ಎಷ್ಟು ಸವದಾವ. ಅದೂ ಎಲ್ಲಾ ಹೂವಿನ್ಯಾಗ ಒಂದ ನಮೂನಿ ಸವದಾವ. ಮತ್ತ ಈ ಗುಡ್ಡದ ದ್ರಾಕ್ಷಿಯೊಳಗ ಇದರ ಸುಳಿವೂ ಇಲ್ಲ. ಹೂವು ದ್ರಾಕ್ಷಿಯ ಗಂಟೇ ಆಗಿದ್ರ, ದ್ರಾಕ್ಷಿಯ ಮೈಯಾಗ ಇಲ್ಲದ್ದು ಗಂಟಿನ್ಯಾಗ ಎಲ್ಲಿಂದ ಬಂತ್ರಿ?”

ಅವಳ ದನಿ ಏರಿತು. “ಸ್ವಂತದ್ದು ಏನೈತಿ ಅಂತ ಕೇಳಿದ್ರಿ. ಇದು ಎಲ್ಲೆಲ್ಲಿ ಇದ್ದು ಬಂತೋ ಆ ದಾರೀನ ಇದರ ಸ್ವಂತದ್ದ್ರಿ. ನೀವು ತೊಳದು ಚೆಲ್ಲಿದ ನೀರಿನ್ಯಾಗ ಅದಿತ್ತು. ನಿಮಗ ಬೇಡಾದದ್ದಕ್ಕೆಲ್ಲ ಕಲಬೆರಕೆ ಅಂತ ಹೆಸರಿಟ್ಟು ಒಂದು ಕುಲಾನ ಕೊಲ್ಲಾಕ ಹೊಂಟಿದ್ರಲ್ರಿ, ನಿಮಗ ನಾಚಿಕಿ ಬರೂದಿಲ್ಲೇನ್ರಿ?”

ಚಿದಂಬರಯ್ಯ ಕಾಗದಗಳನ್ನು ಬಹಳ ಹೊತ್ತು ತಿರುವಿದರು. ಅವರ ಪಕ್ಕದ ಸದಸ್ಯೆಯೊಬ್ಬರು ಏನೋ ಪಿಸುಗುಟ್ಟಿದರು. ಕೊನೆಗೆ ಚಿದಂಬರಯ್ಯ ಒಣ ದನಿಯಲ್ಲಿ ಹೇಳಿದರು: “ಸರಿ. ಹೊಸ ಕುಲ ಅಂತ ಒಪ್ಪಿದ್ದೇವೆ. ಆದರೆ ಹೆಸರಿಲ್ಲದ ಕುಲವನ್ನ ಯಂತ್ರಕ್ಕೆ ತುಂಬೋಕೆ ಬರಲ್ಲ. ಈ ವಾರದಲ್ಲಿ ಹೆಸರು ಕಳಿಸಿ. ಹೆಸರು ಬಂದ ದಿನ ಡ್ರೋನು ವಾಪಸ್ಸು.”

ಗಿಡಗಳಿಗೆ ಹೆಸರಿಡುವುದರಲ್ಲಿ ಒಂದು ರೂಢಿಯಿದೆ. ಮೊದಲು ಗಿಡದ ಜಾತಿಗೊಂದು ಹೆಸರು, ಅದಕ್ಕೆ ಬಾಲ ಸೇರಿಸಿದರೆ ಕುಲದ ಹೆಸರು. ಜಾತಿಯ ಹೆಸರನ್ನು ಗೌರವಕ್ಕೆಂದು ಯಾರದಾದರೂ ಮನುಷ್ಯರ ಹೆಸರಿನಿಂದ ಕಟ್ಟಬಹುದು. ಒಮ್ಮೆ ಅಚ್ಚಾದರೆ ಇಟ್ಟವರೇ ಬಂದು ಬೇಡಿಕೊಂಡರೂ ಬದಲಾಗುವುದಿಲ್ಲ. ರೈಲಿನಲ್ಲಿ ಕೂತ ವಿಶಾಲಾಕ್ಷಿಗೆ ಯೋಚಿಸುವುದೇನೂ ಇರಲಿಲ್ಲ. ಜಾತಿಯ ಹೆಸರು ನೀಲವ್ವಿಯ. ಕುಲದ ಹೆಸರು ನೀಲವ್ವಿಯೇಸಿ. ದಾರಿಯುದ್ದಕ್ಕೂ ಅದನ್ನು ಬಾಯಲ್ಲಿ ಹೇಳಿಕೊಂಡು ಬಂದಳು, ಬೆಲ್ಲ ಚಪ್ಪರಿಸಿದಂತೆ.

ಮನೆಗೆ ಬಂದಾಗ ನೀಲವ್ವ ಒಲೆಯ ಮುಂದಿದ್ದಳು. ವಿಶಾಲಾಕ್ಷಿ ಚೀಲ ಇಳಿಸದೆ ಅಡುಗೆಮನೆಗೇ ನುಗ್ಗಿದಳು.

“ಗೆದ್ದ್ವಿ ಚಿಗವ್ವ! ಹೂವು ಉಳೀತು. ಅದಕ್ಕ ನಿನ್ನ ಹೆಸರು ಇಡ್ತೀನಿ. ಜಗತ್ತಿನ ಪುಸ್ತಕದಾಗೆಲ್ಲ ನಿನ್ನ ಹೆಸರು ಇರ್ತೈತಿ ಇನ್ನ.”

ನೀಲವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. “ಯಾವುದಕ್ಕ? ಆ ಕೂತು ಉಣ್ಣೋ ಹೂವಿಗೇನು?”

“ಹಂಗಲ್ಲ ಚಿಗವ್ವ…”

“ಹೆಂಗಲ್ಲ?” ನೀಲವ್ವ ಎದ್ದು ನಿಂತಳು. “ನಿನ್ನ ಗಂಡ ಅಂದಾಗ ಸುಮ್ಮನಿದ್ದೆ. ಅಳಿಯ, ಒಂದು ಮಾತು ಆಡಿದ, ಆಡಲಿ ಅಂತ. ನೀ ಅದನ್ನ ಅಚ್ಚು ಹಾಕಸ್ತೀಯೇನ? ಇನ್ನೊಬ್ಬರ ಬೇರಿಗಿ ಬಾಯಿ ಹಚ್ಚಿ ಬದುಕೋದಕ್ಕ ನೀಲವ್ವ ಅಂತೀಯೇನ?”

“ನಿನ್ನ ಚರಗ ನೋಡೇ ನನಗ ಹೊಳದದ್ದು. ನಿನ್ನ ಮ್ಯಾಲಿನ ಪ್ರೀತಿಗಿ…”

“ಪ್ರೀತಿ ನನ್ನ ಮ್ಯಾಲ ಇದ್ರ ಹೂವಿಗ್ಯಾಕ ಹೇಳ್ತಿ, ನನಗ ಹೇಳು! ನೀ ಪುಸ್ತಕ ಹಿಡಕೊಂಡು ಕೂತಾಗ ನಿನ್ನ ಮಗಳ ಹೇಲು ಉಚ್ಚಿ ಬಳದಾಕಿ ಯಾರು? ನೀ ಅಡವಿಗಿ ಹೊಂಟಾಗೆಲ್ಲ ಬುತ್ತಿ ಕಟ್ಟಿದಾಕಿ ಯಾರು? ಇಷ್ಟು ವರ್ಷದಾಗ ನೀ ಒಂದ ರೊಟ್ಟಿ ಬಡದಿಯೇನ? ಅವನ ತಾಟು ಅವನು ಎತ್ತ್ಯಾನೇನ? ಈ ಮನ್ಯಾಗ ಯಾರು ಯಾರ ಬೇರಿಗಿ ಬಾಯಿ ಹಚ್ಚ್ಯಾರ ಅಂತ ಹೋಗಿ ಕೇಳು ನಿನ್ನ ಕನ್ನಡೀನ!”

ಹಂಚಿನ ಮೇಲೆ ರೊಟ್ಟಿ ಕರಕಾಯಿತು. ವಿಶಾಲಾಕ್ಷಿ ಚೀಲ ಹೊತ್ತುಕೊಂಡೇ ನಿಂತಿದ್ದಳು. ವಿಚಾರಣೆಯ ಕೋಣೆಯಲ್ಲಿ ಬೇರೆಯವರಿಗೆ ‘ನಾಚಿಕೆ ಬರುವುದಿಲ್ಲವೇ’ ಎಂದು ಕೇಳಿ ಬಂದವಳು. ಚಿದಂಬರಯ್ಯನ ಯಂತ್ರ ಮಾಡಿದ್ದಕ್ಕೂ ತಾನು ಮಾಡಿದ್ದಕ್ಕೂ ಹೆಚ್ಚಿನ ಅಂತರವಿಲ್ಲವೆಂದು ತಿಳಿದಾಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಈ ಮನೆಯಲ್ಲಿ ಹಸಿರೆಲೆಯಾಗಿದ್ದವಳನ್ನು ನೋಡಿ ಇವಳು ಪರಾವಲಂಬಿಯೆಂದು ತೀರ್ಮಾನಿಸಿದ್ದಳು, ಅದೂ ಪ್ರೀತಿಯಿಂದ.

ಹೆಸರಿಡುವುದರಲ್ಲಿ ಇನ್ನೊಂದು ರೂಢಿಯಿದೆ, ಅದನ್ನು ಯಾರೂ ಬರೆದಿಟ್ಟಿಲ್ಲ. ತಾನು ಕಂಡ ಗಿಡಕ್ಕೆ ತನ್ನದೇ ಹೆಸರನ್ನು ಯಾವ ಮರ್ಯಾದಸ್ಥ ಸಸ್ಯಶಾಸ್ತ್ರಜ್ಞನೂ ಇಡುವುದಿಲ್ಲ. ಹಾಗೆ ಮಾಡಿದವರ ಬೆನ್ನ ಹಿಂದೆ ಸಭೆಗಳಲ್ಲಿ ನಗುತ್ತಾರೆ. ಮರುದಿನ ವಿಶಾಲಾಕ್ಷಿ ಮಂಡಳಿಗೆ ಹೆಸರು ಕಳಿಸಿದಳು: ದೇಸೂರಿಯ. ಕುಲ, ದೇಸೂರಿಯೇಸಿ. ಅವಳ ಅಡ್ಡಹೆಸರು, ಗಂಡನ ಅಡ್ಡಹೆಸರು, ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಕೆತ್ತಿಸಿದ್ದ ಆ ಮನೆಯ ಹೆಸರು.

ಇಮ್ತಿಯಾಜ್ ಓದಿ ಗಾಬರಿಯಾದ. “ಮೇಡಂ, ಮಂದಿ ಏನಂದಾರು?”

“ಅನ್ನಲಿ,” ಎಂದಳು.

ಅಂದರು. ಕೊಲ್ಕತ್ತದಿಂದ ಲಂಡನ್ನಿನವರೆಗೂ ಆಡಿಕೊಂಡರು. ಇಷ್ಟು ಒಳ್ಳೆಯ ಕೆಲಸ ಮಾಡಿ ಕೊನೆಗೆ ಹೆಸರಿನ ಆಸೆಗೆ ಬಿದ್ದಳಲ್ಲ ಎಂದು ಒಬ್ಬ ಹಿರಿಯ ವಿಜ್ಞಾನಿ ಪತ್ರಿಕೆಯಲ್ಲೇ ಬರೆದ. ಚಿದಂಬರಯ್ಯನವರಂತೂ ಮೂರು ಸಭೆಗಳಲ್ಲಿ ಇದನ್ನೇ ಹೇಳಿ ನಗಿಸಿದರು. ಡ್ರೋನುಗಳು ವಾಪಸ್ಸಾದವು. ಮಾಘದಲ್ಲಿ ಕುಂಬೇರಿ ಗುಡ್ಡದ ತುಂಬ ನೆಲಮೊಗ್ಗು ಎದ್ದು, ಅರಳಿ, ಎಂದಿನಂತೆ ನಾರಿತು. ಕುಲಗನ್ನಡಿ ಈಗ ಅದನ್ನು ನೋಡಿದರೆ ತಡವರಿಸದೆ ದೇಸೂರಿಯೇಸಿ ಎನ್ನುತ್ತದೆ.

ಬಸವಂತನಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ. ವರ್ಕ್‌ಶಾಪಿನಲ್ಲಿ ಪೇಡೆ ಹಂಚಿ, ಪತ್ರಿಕೆಯ ತುಣುಕನ್ನು ಹಿಡಿದುಕೊಂಡೇ ಮನೆಗೆ ಬಂದ. ಅಡುಗೆಮನೆಯಲ್ಲಿ ವಿಶಾಲಾಕ್ಷಿ ಹಲಗೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅಂಚೆಲ್ಲ ಹರಿದು ನಕಾಶೆಯಂತಾಗಿತ್ತು. ನೀಲವ್ವ ಮಣೆಯ ಮೇಲೆ ಕೂತು, ಮುಂದೆ ತಾಟು ಇಟ್ಟುಕೊಂಡು, ಅಂಥದೇ ಒಂದು ಹರಕು ರೊಟ್ಟಿಯನ್ನು ಮುಖ ಗಂಟಿಕ್ಕಿಕೊಂಡು ಉಣ್ಣುತ್ತಿದ್ದಳು.

“ನೋಡಿದ್ರೇನ್ರಿ ಅತ್ತಿ? ನಮ್ಮ ಮನಿ ಹೆಸರಿನ್ಯಾಗ ಒಂದು ಕುಲಾನ ಆತು!” ಎಂದ ಬಸವಂತ.

ನೀಲವ್ವ ಅವನನ್ನೂ ನೋಡಿದಳು, ತುಣುಕನ್ನೂ ನೋಡಿದಳು. ಆಮೇಲೆ ವಿಶಾಲಾಕ್ಷಿಯ ಕಡೆಗೆ ತಿರುಗಿದಳು. ವಿಶಾಲಾಕ್ಷಿ ತಲೆಯೆತ್ತದೆ ಹಿಟ್ಟು ಒತ್ತುತ್ತಿದ್ದಳು.

“ಹೌದ್ರಿ ಅಳಿಯಂದಿರ, ಹೆಸರು ಭಾಳ ಚಲೋ ಹೊಂದೈತಿ,” ಎಂದಳು ನೀಲವ್ವ. “ತಾಟು ಅಲ್ಲಿ ಅದಾವ. ತಗೊಂಡು, ಹಾಕ್ಕೊಂಡು ಉಣ್ರಿ.”